ಬಣ್ಣದ ಪಟ್ಟಿ ನೋಡುವವರು ಯಾರು?

ಆಸ್ಪತ್ರೆಯ ಮ್ಯಾನೇಜರಿಗೆ ಹೊಸ ಹುಚ್ಚು ಹಿಡಿದಿತ್ತು. ಪ್ರತಿ ವಿಭಾಗದವರೂ ಹಾಳೆಯ ಮೇಲೆ ಒಂದು ವೃತ್ತ ಬರೆಯಬೇಕು. ತಮ್ಮ ಕೆಲಸ ಒಳಗೆ, ತಮ್ಮನ್ನು ನಂಬಿದವರು ಹೊರಗೆ, ನಡುವೆ ಯಾವ ಕೆಲಸ ಯಾರದೆಂದು ತೋರಿಸುವ ಬಾಣಗಳು. ಆಪರೇಷನ್ನಿನ ಕತ್ತರಿ, ಚಾಕುಗಳನ್ನು ಹಬೆಯ ಯಂತ್ರದಲ್ಲಿಟ್ಟು ಶುದ್ಧ ಮಾಡುವ ವಿಭಾಗದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಹಬೆಯಮ್ಮ, ಮೂರೇ ನಿಮಿಷದಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಪಕ್ಕದ ಹಾಳೆ ಆಪರೇಷನ್ ಥಿಯೇಟರಿನ ಹಿರಿಯ ನರ್ಸಿನದು. ಆಕೆ ಇವಳ ಸ್ವಂತ ಅಕ್ಕ. ಉಪಕರಣಗಳ ಟ್ರೇ ತಡವಾಯಿತೆಂದು ಅಕ್ಕ ಎಲ್ಲರೆದುರು ಬೈದಂದಿನಿಂದ, ಒಂಬತ್ತು ದಿನ, ಇಬ್ಬರಿಗೂ ಮಾತಿಲ್ಲ.

"ಇದೇನಮ್ಮಾ?" ಎಂದರು ಮ್ಯಾನೇಜರ್. "ಬಣ್ಣದ ಪಟ್ಟಿ ನೋಡೋದು ಥಿಯೇಟರಿನೋರು ಅಂತ ನೀವು ಬರ್ದಿದ್ದೀರಿ. ನೀವೇ ನೋಡೋದು ಅಂತ ಅವ್ರು ಬರ್ದಿದ್ದಾರೆ."

ಹಬೆಯಮ್ಮ ಎರಡೂ ಹಾಳೆಗಳನ್ನು ಮತ್ತೊಮ್ಮೆ ಓದಿದಳು. ದಿನಾ ಬೆಳಿಗ್ಗೆ ಯಂತ್ರದೊಳಗೆ ಒಂದು ಕಾಗದದ ಪಟ್ಟಿ ಇಡುತ್ತಾರೆ. ಹಬೆ ಸರಿಯಾಗಿ ತಾಗಿದರೆ ಹಳದಿ ಹೋಗಿ ಕಪ್ಪಾಗುತ್ತದೆ. ಮೊದಲೆಲ್ಲ ಅಕ್ಕ ತಂಗಿ ಕಾಫಿ ಕುಡಿಯುತ್ತಾ ಒಟ್ಟಿಗೆ ನೋಡುತ್ತಿದ್ದರು. ಮುನಿಸಿಕೊಂಡ ಮೇಲೆ ತಂಗಿ, ಅವಳೇ ನೋಡಿಕೊಳ್ಳಲಿ ಎಂದು ಪಟ್ಟಿಯನ್ನು ನೋಡದೆ ಲಕೋಟೆಗೆ ಹಾಕಿ ಕಳಿಸುತ್ತಿದ್ದಳು. ಅಕ್ಕ, ಇವಳು ನೋಡಿಯೇ ಕಳಿಸಿರುತ್ತಾಳೆಂದು ಒಡೆಯದೆ ಫೈಲಿಗೆ ಸೇರಿಸುತ್ತಿದ್ದಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹಾಗೆ.

ಇವತ್ತಿನ ಲಕೋಟೆ ಇನ್ನೂ ಹಬೆಯಮ್ಮನ ಮೇಜಿನ ಮೇಲಿತ್ತು. ಹರಿದು ನೋಡಿದಳು. ಪಟ್ಟಿ ಅರ್ಧ ಹಳದಿಯಾಗಿಯೇ ಇತ್ತು. ಗಂಟೆ ಹತ್ತು. ಬೆಳಗಿನ ಟ್ರೇ ಆಗಲೇ ಥಿಯೇಟರಿಗೆ ಹೋಗಿತ್ತು. ಫೋನು ಬಡಿದುಕೊಂಡರೂ ಅಲ್ಲಿ ಯಾರೂ ಎತ್ತಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಓಡಿದಳು.

ರೋಗಿಗೆ ಮಂಪರು ಹತ್ತಿತ್ತು. ಡಾಕ್ಟರು ಚಾಕುವಿಗೆ ಕೈ ಚಾಚಿದ್ದರು.

"ನಿಲ್ಸಿ! ಅದು ಶುದ್ಧ ಆಗಿಲ್ಲ!"

"ಯಾರ್ರೀ ಇವರನ್ನ ಒಳಗೆ ಬಿಟ್ಟಿದ್ದು? ಹೊರಗೆ ಹೋಗ್ರೀ!"

ವಿವರಿಸುತ್ತ ನಿಲ್ಲುವ ಹೊತ್ತಲ್ಲ ಅದು. ಹಬೆಯಮ್ಮ ತನ್ನ ಬರಿಗೈಗಳೆರಡನ್ನೂ ಟ್ರೇಯ ಮೇಲೆ ಊರಿಬಿಟ್ಟಳು. ಬರಿಗೈ ತಾಗಿದ ಮೇಲೆ ಆ ಉಪಕರಣಗಳನ್ನು ಯಾವ ಡಾಕ್ಟರೂ ಮುಟ್ಟುವುದಿಲ್ಲ. ಡಾಕ್ಟರು ಕೂಗಾಡಿದರು, ನಿಮ್ಮ ಕೆಲಸ ಹೋಯಿತು ಎಂದರು. ಅವಳು ಕೈ ತೆಗೆಯಲಿಲ್ಲ.

ಅಕ್ಕ ಮಾತ್ರ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ನಿನ್ನೆ ಮೊನ್ನೆ ಕಳ್ಸಿದ್ದು?"

"ನಾನು ಒಂದೂ ನೋಡಿಲ್ಲ ಕಣೇ ಅಕ್ಕಾ."

ಆ ಆಪರೇಷನ್ ಅಲ್ಲಿಗೇ ನಿಂತಿತು. ಹೊರಗೆ ಬಂದು ಇಬ್ಬರೂ ಫೈಲಿನ ಎಂಟು ಲಕೋಟೆಗಳನ್ನೂ ಹರಿದರು. ಏಳರಲ್ಲಿ ಪಟ್ಟಿ ಕಪ್ಪಗಿತ್ತು. ನಿನ್ನೆಯದು ಹಳದಿ. ನಿನ್ನೆ ಆಪರೇಷನ್ ಆದ ಹೆಂಗಸು ಮೇಲಿನ ವಾರ್ಡಿನಲ್ಲಿ ಮಲಗಿದ್ದಳು. ಬೆಳಿಗ್ಗೆಯಿಂದ ಆಕೆಗೆ ಜ್ವರ.

"ಅವಳಿಗೆ ಯಾರೇ ಹೇಳೋದು?" ಎಂದಳು ತಂಗಿ.

"ಇಬ್ರೂ," ಎಂದು ಅಕ್ಕ ಮೆಟ್ಟಿಲ ಕಡೆ ನಡೆದಳು.