ಬಿಳಿ ತೋಳಿನ ನೀಲಿ

ದೀಪದ ಮಾಮ ಬಾಯಿ ಬಿಟ್ಟರೆ ಎರಡೇ ಮಾತು ಎಂದು ವಜ್ರದಂಗಡಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಒಂದು ‘ಹುಟ್ಟಿದ್ದು’, ಇನ್ನೊಂದು ‘ಬೆಳೆಸಿದ್ದು’. ನೆಲದೊಳಗಿಂದ ಬಂದ ವಜ್ರ ಹುಟ್ಟಿದ್ದು, ಕಾರ್ಖಾನೆಯಲ್ಲಿ ತಯಾರಾದದ್ದು ಬೆಳೆಸಿದ್ದು. ಎರಡೂ ವಜ್ರವೇ. ಭೂತಗನ್ನಡಿ ಹಿಡಿದು ನೋಡಿದರೂ ಅವಳಿ ಮಕ್ಕಳ ಹಾಗೆ ಕಾಣುತ್ತವೆ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಅದಕ್ಕೇ ಮೂರನೇ ಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ, ಕಪ್ಪು ಪರದೆಯ ಹಿಂದೆ, ನೇರಳೆ ದೀಪದ ಪೆಟ್ಟಿಗೆಯ ಮುಂದೆ ಮಾಮ ಹನ್ನೆರಡು ವರ್ಷದಿಂದ ಕೂತಿದ್ದ.

ಚಿಮಟದಲ್ಲಿ ಕಲ್ಲು ಹಿಡಿದು ದೀಪದಡಿ ಒಡ್ಡಿದರೆ, ಹುಟ್ಟಿದ ಕಲ್ಲು ಸಾಮಾನ್ಯವಾಗಿ ತಿಳಿನೀಲಿಯಾಗಿ ಮಿನುಗುತ್ತದೆ. ಮಿನುಗದಿದ್ದರೆ, ಇಲ್ಲವೇ ಬೇರೆ ಬಣ್ಣ ತೋರಿದರೆ, ಕೆಳಗಿನ ದೊಡ್ಡ ಯಂತ್ರಕ್ಕೆ ಕಳಿಸಬೇಕು. ನೀಲಿ ಕಂಡ ಕಲ್ಲುಗಳನ್ನು ಮಾಮ ಕಾಗದದಲ್ಲಿ ಮಡಿಸಿ, ಒಂದು ಮೂಲೆಯನ್ನು ಒಳಕ್ಕೆ ಸಿಕ್ಕಿಸುತ್ತಿದ್ದ. ಆ ಮೂಲೆ ಕಂಡ ಮೇಲೆ ಪೇಟೆಯಲ್ಲಿ ಯಾರೂ ಪೊಟ್ಟಣವನ್ನು ಮತ್ತೆ ಪರೀಕ್ಷೆಗೆ ಹಾಕುತ್ತಿರಲಿಲ್ಲ. ಮಾಮನಿಗೆ ಆಸ್ತಿ ಅಂತ ಇದ್ದದ್ದು ಆ ಮೂಲೆಯೊಂದೇ.

ದೀಪದ ಮುಂದೆ ಕೂರುವಾಗ ತೊಡುವ ಅವನ ಕಪ್ಪು ಕೋಟು ಆ ವಾರ ಮನೆಯಲ್ಲಿತ್ತು. ತೋಳಿನ ಹೊಲಿಗೆ ಬಿಚ್ಚಿತ್ತು. ‘ನಾಳೆ ಹಾಕಿಕೊಡ್ತೀನಿ’ ಎಂದ ಹೆಂಡತಿ ಆಗಲೇ ನಾಲ್ಕು ನಾಳೆಗಳನ್ನು ದಾಟಿದ್ದಳು. ಸೆಕೆಗೆ ಇದೇ ವಾಸಿಯೆಂದು ಮಾಮ ಬಿಳಿ ಅಂಗಿಯಲ್ಲೇ ಕೂತ. ವಿಚಿತ್ರವೆಂದರೆ, ಆ ನಾಲ್ಕು ದಿನ ಬಂದ ಸರಕೆಲ್ಲ ಚೊಕ್ಕಟ. ಅನುಮಾನದ ಕಲ್ಲು ಒಂದೂ ಇಲ್ಲ.

“ಏನ್ ಮಾಮ, ಕೆಳಗಡೆ ಯಂತ್ರಕ್ಕೆ ಕೆಲಸಾನೇ ಇಲ್ವಂತೆ?” ಎಂದಳು ಅಂಗಡಿಯ ಯಜಮಾನಿ.

“ಸರಕು ಕೊಟ್ಟೋರು ಒಳ್ಳೇ ಜನ, ಮೇಡಂ,” ಎಂದ ಮಾಮ, ಆ ಒಳ್ಳೆಯತನದಲ್ಲಿ ತನ್ನದೂ ಒಂದು ಪಾಲಿದೆ ಎನ್ನುವ ಹಾಗೆ.

ನೆಲದ ಮೇಲೆ ಹೊಳೆಯುವುದು ಏನೇ ಸಿಕ್ಕರೂ ಮಾಮನ ಕೈಗೆ ಕೊಡಬೇಕೆಂಬುದು ಅಲ್ಲಿನ ಕಟ್ಟಳೆ. ನಾಲ್ಕನೇ ದಿನ ಮಧ್ಯಾಹ್ನ ಗುಡಿಸುವಾಕೆ ಎಳ್ಳಿನಷ್ಟು ಕಲ್ಲೊಂದನ್ನು ಅಂಗೈಯಲ್ಲಿಟ್ಟು ತಂದಳು. ಮಾಮ ದೀಪಕ್ಕೆ ಒಡ್ಡಿದ. ನೀಲಿ. ‘ಹುಟ್ಟಿದ್ದು’ ಎಂದು ಮಡಿಸಿ, ಮೂಲೆ ಸಿಕ್ಕಿಸಿದ.

ಹತ್ತು ನಿಮಿಷಕ್ಕೆ ಅವಳು ಮತ್ತೆ ಬಂದಳು, ಕೈಯಲ್ಲಿ ಒಂದು ಚಪ್ಪಲಿ.

“ಬೇಜಾರು ಮಾಡ್ಕೋಬೇಡಿ ಅಣ್ಣ. ಅದು ಹುಟ್ಟಿದ್ದೇ ಇರಬಹುದು. ಆದ್ರೆ ಹುಟ್ಟಿದ್ದು ಇಲ್ಲಿ.”

ಚಪ್ಪಲಿಯ ಪಟ್ಟಿಯ ಮೇಲೆ ಹೊಳೆಯುವ ಹೂವಿತ್ತು. ಹೂವಿನ ಒಂದು ಎಸಳಿನಲ್ಲಿ ತೂತು.

ಮಾಮ ಪೊಟ್ಟಣ ಬಿಚ್ಚಿ ಭೂತಗನ್ನಡಿ ಹಿಡಿದ. ಅಪ್ಪಟ ಗಾಜು. ದೀಪದಡಿ ಹಿಡಿದರೆ ನೀಲಿ. ಕಲ್ಲನ್ನು ಅಲ್ಲೇ ಬಿಟ್ಟು ಕೈ ಹಿಂದೆ ತೆಗೆದ, ಕಪ್ಪಾಯಿತು. ಕೈ ಮುಂದೆ ತಂದ, ನೀಲಿಯಾಯಿತು. ಆಗ ಅವನು ಕಲ್ಲು ಬಿಟ್ಟು ಮೊದಲ ಸಲ ತನ್ನ ಕೈ ನೋಡಿದ. ಅಂಗಿಯ ತೋಳು ಒಳಗೇ ದೀಪ ಹಚ್ಚಿಟ್ಟ ಹಾಗೆ ನೀಲಿಯಾಗಿ ಬೆಳಗುತ್ತಿತ್ತು.

ಮನೆಗೆ ಫೋನ್ ಮಾಡಿದ.

“ನನ್ನ ಅಂಗಿ ಯಾವ ಪುಡೀಲಿ ಒಗೆದೆ?”

“ಹೊಸದು. ಬಿಳಿ ಬಟ್ಟೆ ಫಳಫಳ ಅನ್ನುತ್ತೆ ಅಂದ್ರು. ಯಾಕ್ರೀ, ಕೊಳೆ ಹೋಗಿಲ್ವಾ?”

“ಹೋಗಿದೆ. ಎಲ್ಲಾನೂ ಹೋಗಿದೆ.”

“ನೋಡಿ ಮತ್ತೆ. ಎರಡು ತಗೊಂಡ್ರೆ ಬಕೆಟ್ ಬರುತ್ತೆ. ತಗೊಳ್ಲಾ?”

“ಆಮೇಲೆ ಹೇಳ್ತೀನಿ,” ಎಂದು ಮಾಮ ಫೋನ್ ಇಟ್ಟ.

ಚಪ್ಪಲಿ ಹಿಡಿದವಳು ಇನ್ನೂ ನಿಂತಿದ್ದಳು. “ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ ಅಣ್ಣ. ಬೆಳೆಸಿದ್ದು ಒಂದೆರಡು ಸೇರಿದ್ರೂ ಉಂಗುರದಲ್ಲಿ ಕೂತ ಮೇಲೆ ಯಾರಿಗೆ ಗೊತ್ತಾಗುತ್ತೆ?”

ನಿಜ, ಗೊತ್ತಾಗುವುದಿಲ್ಲ. ಸರಕು ಕೊಳ್ಳುವವನು, ಪೇಟೆಯ ಇನ್ನೊಬ್ಬ ವ್ಯಾಪಾರಿ, ಆಗಲೇ ಕೆಳಗೆ ಬಂದು ಕೂತಿದ್ದ. ನಾಲ್ಕು ದಿನದ ಪೊಟ್ಟಣಗಳು ಅವನ ಮುಂದಿದ್ದವು. ಸುಮ್ಮನಿದ್ದರೆ ಮಾಮನ ಮೂಲೆಗೆ ಏನೂ ಆಗುತ್ತಿರಲಿಲ್ಲ. ಮಾಮ ಮೆಟ್ಟಿಲಿಳಿದ.

“ಮೇಡಂ, ಒಂದ್ನಿಮಿಷ ಹೊರಗೆ ಬರ್ತೀರಾ?”

“ಇವರೇನು ಹೊರಗಿನವರಾ? ಇಲ್ಲೇ ಹೇಳಿ ಮಾಮ.”

ಕೊಳ್ಳುವವನು ಪೊಟ್ಟಣದ ಮೇಲೆ ಬೆರಳಾಡಿಸುತ್ತಿದ್ದ. “ಮಾಮನ ಮೂಲೆ ಇದೆ. ಬಿಚ್ಚಿ ನೋಡೋದೇನಿದೆ?”

“ನೋಡಬೇಕು,” ಎಂದ ಮಾಮ. “ನಾಲ್ಕು ದಿನದಿಂದ ನಾನು ಕಲ್ಲು ನೋಡಿಲ್ಲ. ನನ್ನ ಅಂಗಿ ನೋಡಿದೀನಿ.”

ಕೋಟು, ಪುಡಿ, ಚಪ್ಪಲಿ, ಯಾವುದನ್ನೂ ಮುಚ್ಚಿಡದೆ ಹೇಳಿದ. ಯಜಮಾನಿ ಪೊಟ್ಟಣಗಳನ್ನು ತನ್ನ ಕಡೆ ಎಳೆದುಕೊಂಡಳು.

“ಚಪ್ಪಲಿಗೂ ಮೂಲೆ ಹಾಕಿದ್ರಾ?”

“ಹಾಕಿದೆ, ಮೇಡಂ.”

“ಬಿಚ್ಚಿ ಮಾಮ. ಎಲ್ಲಾನೂ ಬಿಚ್ಚಿ.”

ಮಾಮ ಪೊಟ್ಟಣಗಳನ್ನೂ ಬಿಚ್ಚಿದ, ಅಂಗಿಯನ್ನೂ ಬಿಚ್ಚಿದ. ಬನಿಯನ್ನನ್ನೂ ಅದೇ ಪುಡಿಯಲ್ಲಿ ಒಗೆದದ್ದು ನೆನಪಾಗಿ ಅದನ್ನೂ ಗೂಟಕ್ಕೆ ಹಾಕಿ, ಬರಿಮೈಯಲ್ಲಿ ಪರದೆಯ ಹಿಂದೆ ಕೂತ. ಕೊಳ್ಳುವವನು ಪಕ್ಕದಲ್ಲೇ ಸ್ಟೂಲು ಎಳೆದುಕೊಂಡ. ಮುನ್ನೂರ ಹನ್ನೆರಡು ಕಲ್ಲುಗಳಲ್ಲಿ ಹತ್ತೊಂಬತ್ತು ಮಿನುಗಲಿಲ್ಲ. ಅವು ಯಂತ್ರಕ್ಕೆ ಹೋದವು. ಉಳಿದವನ್ನು ಮಾಮ ಮಡಿಸಿದ, ಮೂಲೆಯನ್ನು ಸಿಕ್ಕಿಸದೆ ಹಾಗೇ ಬಿಟ್ಟ.

“ಇದು ಯಾಕೆ ಬಾಯಿ ತೆರ್ಕೊಂಡಿದೆ?” ಎಂದ ಕೊಳ್ಳುವವನು.

“ಇನ್ಮೇಲೆ ನನ್ನ ಮಡಿಕೆ ನೋಡಿ ಯಾರೂ ತಗೋಬಾರದು.”

“ಹಾಕಪ್ಪ ಸುಮ್ನೆ. ಇನ್ಮೇಲೆ ಬಿಚ್ಚೇ ನೋಡ್ತೀನಿ. ಆದ್ರೂ ಹಾಕು. ತಾನಾಗೇ ಬಂದು ತಪ್ಪಾಯ್ತು ಅಂದೋರ್ನ ಈ ಪೇಟೇಲಿ ನಾನು ಇನ್ನೊಬ್ಬನ್ನ ಕಂಡಿಲ್ಲ.”

ಮಾಮ ಒಂದೊಂದಾಗಿ ಮೂಲೆ ಸಿಕ್ಕಿಸಿದ. ಕೈ ಸ್ವಲ್ಪ ನಿಧಾನವಾಗಿತ್ತು.

ಕೊಳ್ಳುವವನು ಅರ್ಧ ಮೆಟ್ಟಿಲಿಳಿದು ನಿಂತ. ಫೋನ್ ತೆಗೆದು, ತನ್ನ ಅಂಗಡಿಯಲ್ಲಿ ಮಾಮನ ಹಾಗೆ ದೀಪದಡಿ ಕಲ್ಲು ನೋಡುವವನಿಗೆ ಕರೆ ಮಾಡಿದ.

“ಏನಿಲ್ಲ, ಸುಮ್ನೆ ಮಾಡಿದೆ. ನೀನು ಕೆಲಸಕ್ಕೆ ಯಾವ ಬಣ್ಣದ ಅಂಗಿ ಹಾಕ್ಕೋತೀಯ?”

ಉತ್ತರ ಕೇಳಿ ಅಲ್ಲೇ ಮೆಟ್ಟಿಲ ಮೇಲೆ ಕೂತ.

“ಎಷ್ಟು ವರ್ಷದಿಂದ?” ಎಂದ.