ಬನಹಟ್ಟಿಯ ಕೆಂಪು ಚುಕ್ಕೆ

ಬನಹಟ್ಟಿಯ ಕಂಪ್ಯೂಟರಿನ ಹೆಸರನ್ನು ತಾನು ಗುಂಪಿನಿಂದ ಹೊರಗಿಟ್ಟದ್ದು ಕೈತಪ್ಪಿನಿಂದಲ್ಲ ಎಂಬುದು ಎಂಟರ್ ಒತ್ತಿದ ಮೇಲಷ್ಟೇ ವೀರೇಶನಿಗೆ ಗೊತ್ತಾಯಿತು.

ಗೊತ್ತಾದರೂ ಅವನು ಏನೂ ಮಾಡಲಿಲ್ಲ. ಕುರ್ಚಿಗೆ ಒರಗಿ ಪರದೆ ನೋಡುತ್ತ ಕೂತ. ಜಮಖಂಡಿಯ ಕಣ್ಣಿನ ಆಸ್ಪತ್ರೆಯ ಮಹಡಿಯ ಮೇಲಿನ ಈ ಕೋಣೆಗೆ ಕಿಟಕಿಯಿರಲಿಲ್ಲ. ಸರ್ವರಿಗೆ ತಂಪು ಬೇಕೆಂದು ಹಾಕಿಸಿದ ಏಸಿ ಅವನ ಬೆನ್ನಿಗೆ ಬೀಸುತ್ತಿತ್ತು. ಅವನಿಗೆಂದು ಹಾಕಿಸಿದ್ದಲ್ಲ.

ಪರದೆಯ ಮೇಲೆ ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಚುಕ್ಕೆಗಳಾಗಿ ಸಾಲುಗಟ್ಟಿದ್ದವು. ಮುಧೋಳ, ಬೀಳಗಿ, ಬನಹಟ್ಟಿ ಶಾಖೆಗಳವೂ ಇದ್ದವು. ಎಲ್ಲವೂ ಲಿನಕ್ಸ್ ಮೇಲೆ ನಡೆಯುವಂಥವು. ಇಷ್ಟು ವರ್ಷ ಅವುಗಳ ತಂತ್ರಾಂಶದ ತೂತುಗಳಿಗೆ ಪ್ಯಾಚ್ ಹಾಕಬೇಕೆಂದರೆ ವೀರೇಶ ತಿಂಗಳಿಗೊಮ್ಮೆ ಬಸ್ಸು ಹತ್ತಿ ಊರೂರು ತಿರುಗಬೇಕಿತ್ತು. ಒಂದೊಂದು ಯಂತ್ರದ ಮುಂದೂ ಕೂತು, ಅದು ಆರಿ ಮತ್ತೆ ಹೊತ್ತಿಕೊಳ್ಳುವವರೆಗೆ ಕಾಯಬೇಕಿತ್ತು. ಇವತ್ತಿನಿಂದ ಆ ಕೆಲಸ ತಾನಾಗಿಯೇ ಆಗುತ್ತದೆ. ಹೊಸ ಪ್ಯಾಚ್ ಬಂದ ಕೂಡಲೇ ಈ ಕೋಣೆಯ ಸರ್ವರ್ ಅದನ್ನು ಒಂದು ಯಂತ್ರದ ಮೇಲೆ ಪರೀಕ್ಷಿಸಿ, ಸರಿಯಿದ್ದರೆ ಗುಂಪಿಗೆ ಸೇರಿಸಿದ ಉಳಿದವಕ್ಕೆಲ್ಲ ಕಳಿಸುತ್ತದೆ. ಯಾರೂ ಹೋಗಬೇಕಿಲ್ಲ. ಯಾರನ್ನೂ ಕೇಳಬೇಕಿಲ್ಲ. ಪ್ಯಾಚ್ ಆದದ್ದು ಹಸಿರು, ಆಗದ್ದು ಕೆಂಪು.

ಇದನ್ನು ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನೇ ಯೋಚಿಸಿ, ಅವನೇ ಬರೆದು, ಆಡಳಿತ ಮಂಡಳಿಯ ಮುಂದೆ ನಿಂತು ಅವನೇ ವಿವರಿಸಿದ್ದ. ಅವರು ಮೇಜು ತಟ್ಟಿದಾಗ ಅವನಿಗೆ ಬೆವರು ಬಂದಿತ್ತು. ಸಂತೋಷದ ಬೆವರೆಂದೇ ಆಗ ಅಂದುಕೊಂಡಿದ್ದ.

ಮುಧೋಳದ ಚುಕ್ಕೆಗಳು ಹಸಿರಾದವು. ಬೀಳಗಿಯವೂ ಆದವು. ಏನಾದರೂ ಕೆಡುತ್ತದೆಂದು ಬೆಳಗಿನಿಂದ ಅವನು ಕಾಯುತ್ತಿದ್ದ. ಏನೂ ಕೆಡಲಿಲ್ಲ. ತಡೆಯಲಾಗದೆ ಬೀಳಗಿ ಶಾಖೆಗೆ ಫೋನು ಹಚ್ಚಿದ. ಅಲ್ಲಿ ನೋಂದಣಿ ನೋಡಿಕೊಳ್ಳುವ ಗುರುಸಿದ್ದ ಎತ್ತಿಕೊಂಡ.

"ವೀರೇಶ ಮಾತಾಡಾಕತ್ತೇನ್ರಿ."

"ಯಾವ ವೀರೇಶ?"

"ಕಂಪ್ಯೂಟರ್."

"ಹಾಂ, ಹೇಳ್ರಿ ಕಂಪ್ಯೂಟರ್ ಸರ."

"ಮಿಷನ್ ಬಂದ್ ಆಗಿ ಚಾಲೂ ಆತೇನ್ರಿ?"

"ಆಗಿರಬೇಕ್ರಿ. ನಾ ಚಾ ಕುಡ್ಯಾಕ ಹೋಗಿದ್ನಿ."

"ಏನರ ತ್ರಾಸ ಆತೇನು?"

"ಏನೂ ಇಲ್ಲ. ಯಾಕ್ರಿ, ಆಗಬೇಕಾಗಿತ್ತೇನು?"

ವೀರೇಶ ಫೋನಿಟ್ಟ. ಹೋದ ತಿಂಗಳು ಇದೇ ಗುರುಸಿದ್ದ ತನ್ನ ಮೊಬೈಲು, ಮಗಳ ಮೊಬೈಲು ಎರಡನ್ನೂ ಅವನ ಮುಂದಿಟ್ಟು ಸರಿಮಾಡಿಸಿಕೊಂಡಿದ್ದ. ವಾಪಸು ಬರುವ ಬಸ್ಸಿನಲ್ಲಿ ವೀರೇಶ ಅವನನ್ನು ಮನಸ್ಸಿನಲ್ಲೇ ಬೈದಿದ್ದ. ಈಗ ಆ ಬೈಗುಳವೂ ಬರಲಿಲ್ಲ.

ಬಾಗಿಲು ತಳ್ಳಿಕೊಂಡು ಆಡಳಿತಾಧಿಕಾರಿ ಶಿದ್ರಾಮಪ್ಪ ಬಂದರು. ಹೋದ ವರ್ಷ ಎಲ್ಲೋ ದೂರದ ಆಸ್ಪತ್ರೆಯೊಂದರ ಕಂಪ್ಯೂಟರುಗಳಿಗೆ ಯಾರೋ ನುಗ್ಗಿ ರೋಗಿಗಳ ದಾಖಲೆಗಳಿಗೆಲ್ಲ ಬೀಗ ಜಡಿದ ಸುದ್ದಿ ಓದಿದ ಮೇಲೆ ಅವರಿಗೆ ಕಂಪ್ಯೂಟರ್ ಎಂದರೆ ಹಿತ್ತಲ ಬಾಗಿಲು. ಅದು ಹಾಕಿದೆಯೋ ಇಲ್ಲವೋ, ಅಷ್ಟೇ ಅವರ ಪ್ರಶ್ನೆ.

"ಎಲ್ಲಾ ಹಸರ ಆದೂ ಏನ್ರಿ?"

"ಆಗಾಕತ್ತಾವ್ರಿ."

"ಇದೊಂದ್ ಯಾಕ ಕೆಂಪ ಐತಿ?"

"ಬನಹಟ್ಟೀದ್ರಿ."

"ಅದು ಕಾಣತೈತಿ. ಯಾಕ ಅಂತ ಕೇಳಾಕತ್ತೇನಿ."

"ಅಲ್ಲೇ ಏನರ ಆಗಿರಬೇಕ್ರಿ."

"ಏನರ ಅಂದ್ರ? ಮಿಷನ್ನಿಂದೋ, ಮಂದೀದೋ?"

ವೀರೇಶ ಮೌಸನ್ನು ಸುಮ್ಮನೆ ಅತ್ತಿತ್ತ ಸರಿಸಿದ. ಗುಂಪಿನಿಂದ ಹೊರಗಿಟ್ಟ ಹೆಸರನ್ನು ಮತ್ತೆ ಒಳಗೆ ಸೇರಿಸಲು ಒಂದು ಗಳಿಗೆ ಸಾಕಿತ್ತು. ಶಿದ್ರಾಮಪ್ಪ ಬೆನ್ನ ಹಿಂದೆ ನಿಂತಿದ್ದರು.

"ನೋಡಬೇಕ್ರಿ," ಎಂದ.

"ಆ ರಿಸೆಪ್ಶನ್ ಹೆಣ್ಮಗಳು ವೈರ್ ಕಿತ್ತು ಮೊಬೈಲ್ ಚಾರ್ಜಿಗೆ ಹಚ್ಚಿರತಾಳ. ಈ ತಿಂಗಳಿಗೆ ಆಕೀ ಕಾಂಟ್ರಾಕ್ಟ್ ಮುಗಿತೈತಿ. ಮುಂದ ಇಟಗೋಬೇಕೋ ಬ್ಯಾಡೋ ಅಂತ ಹೆಂಗೂ ವಿಚಾರ ನಡದಿತ್ತು."

ಅವನು ತಿರುಗಲಿಲ್ಲ. ಕುತ್ತಿಗೆಯ ಹಿಂದೆ ಏಸಿಯ ಗಾಳಿ ತಣ್ಣಗೆ ಕೂತಿತು. ಇಲ್ಲರಿ, ನಂದಽ ತಪ್ಪು ಎಂಬ ಮಾತು ಬಾಯಲ್ಲಿ ತಯಾರಾಗಿಯೇ ಇತ್ತು. ಆದರೆ ಆ ಮಾತಿನ ಹಿಂದೆ ಯಾಕೆ ಎಂಬ ಇನ್ನೊಂದು ಪ್ರಶ್ನೆ ಬರುತ್ತಿತ್ತು.

"ನಾ ಹೋಗಿ ನೋಡಿ ಬರ್ತೇನ್ರಿ," ಎಂದ.

"ಇನ್ನ ಮ್ಯಾಲ ಯಾರೂ ಹೋಗೂದ ಬೇಕಾಗಿಲ್ಲ ಅಂತ ನೀವಽ ಅಂದಿದ್ರಿ?"

"ಇದೊಂದ್ ಸಲರಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಬಿಡದೆ ತೂಗಾಡುತ್ತ ಹೋಗುತ್ತಿದ್ದವು. ಡ್ರೈವರ್ ಹಾರ್ನ್ ಒತ್ತಿ ಒತ್ತಿ ಕಡೆಗೆ ಅದನ್ನೂ ಬಿಟ್ಟ.

ಬನಹಟ್ಟಿಯಲ್ಲಿ ಏನಿದೆ? ಕೇಳಿಕೊಂಡರೆ ಏನೂ ಇರಲಿಲ್ಲ. ಮಾಲಾ ಅಲ್ಲಿಯ ರಿಸೆಪ್ಶನಿನಲ್ಲಿ ಕೂಡುತ್ತಾಳೆ. ಗಂಡ ಇಚಲಕರಂಜಿಯ ಕಡೆ ಎಲ್ಲೋ ಇದ್ದಾನೆಂದು ಒಮ್ಮೆ ಹೇಳಿದ್ದಳು. ಯಾವಾಗ ಬರುತ್ತಾನೆಂದು ಇವನು ಕೇಳಿರಲಿಲ್ಲ. ಯಂತ್ರ ತನ್ನ ಕೆಲಸ ಮಾಡಿಕೊಳ್ಳುವಷ್ಟು ಹೊತ್ತು ಇವನು ಅವಳ ಕುರ್ಚಿಯಲ್ಲಿ ಕೂಡುತ್ತಿದ್ದ, ಅವಳು ಪಕ್ಕದಲ್ಲಿ ನಿಂತಿರುತ್ತಿದ್ದಳು. ಚಹಾ ಬರುತ್ತಿತ್ತು. "ನೀವು ಬಂದ ಹೋದ್ರ ಮಿಷನ್ ಹಗರ ಆಗತೈತಿ ನೋಡ್ರಿ," ಎಂದು ಒಮ್ಮೆ ಅಂದಿದ್ದಳು. ಮಿಷನ್ನಿನ ಬಗ್ಗೆ ಆಡಿದ ಆ ಮಾತನ್ನು ಅವನು ಮಳೆಗಾಲ ಪೂರ್ತಿ ಜೊತೆಗಿಟ್ಟುಕೊಂಡು ತಿರುಗಿದ್ದ.

ಹೆಂಡತಿ ಕಾವ್ಯಳ ಫೋನು ಬಂತು.

"ಊಟಕ್ಕ ಬರ್ತೀರೇನು?"

"ಇಲ್ಲ. ಬನಹಟ್ಟಿಗೆ ಹೊಂಟೇನಿ."

"ಇನ್ನ ಹೋಗೂದ ಇರೂದಿಲ್ಲ ಅಂದಿದ್ರಿ."

"ಒಂದ್ ಮಿಷನ್ ಕೆಟ್ಟೈತಿ."

"ಆತು," ಎಂದು ಅವಳು ಇಟ್ಟಳು. ಅವಳು ಎಂದೂ ಎರಡನೆಯ ಪ್ರಶ್ನೆ ಕೇಳಿದವಳಲ್ಲ. ಅದು ನಂಬಿಕೆಯೋ, ಬೇರೇನೋ ಎಂದು ವೀರೇಶ ಎಂದೂ ವಿಚಾರಿಸಿರಲಿಲ್ಲ. ಮಿಷನ್ ಕೆಟ್ಟಿರಲಿಲ್ಲ ಎಂಬುದು ನೆನಪಾಗಿ, ತಾನು ಇವತ್ತು ಆಡಿದ ಸುಳ್ಳು ಎಷ್ಟು ಸಲೀಸಾಗಿ ಇಬ್ಬರ ಕಿವಿ ದಾಟಿತೆಂದು ಅವನಿಗೆ ಆಶ್ಚರ್ಯವಾಯಿತು.

ಬನಹಟ್ಟಿಯ ಶಾಖೆ ಪವರ್‌ಲೂಮುಗಳ ಓಣಿಯಲ್ಲಿತ್ತು. ಕೆಳಗೆ ಮಗ್ಗಗಳು, ಮೇಲೆ ಆಸ್ಪತ್ರೆ. ಮೆಟ್ಟಿಲು ಹತ್ತುವಾಗ ಖಟಖಟ ಸದ್ದು ಗೋಡೆಯಿಂದ ಅಂಗೈಗೆ ಬರುತ್ತಿತ್ತು. ಮೇಲೆ ಉದ್ದನೆಯ ಬೆಂಚಿನ ಮೇಲೆ ಪರೀಕ್ಷೆಗೆ ಬಂದವರು ಸಾಲಾಗಿ ಕೂತಿದ್ದರು. ಕಣ್ಣಿಗೆ ಹನಿ ಹಾಕಿ, ಹೆಸರು ಕರೆಯುವವರೆಗೆ ತೆರೆಯಬೇಡಿರೆಂದು ಹೇಳಿ ಕೂರಿಸಿದ್ದರು. ಎಲ್ಲರೂ ಹೇಳಿದ ಹಾಗೆ ಕಣ್ಣು ಮುಚ್ಚಿದ್ದರು.

ಮಾಲಾ ಇವನನ್ನು ನೋಡಿ ಎದ್ದಳು. ನಗಲಿಲ್ಲ.

"ಶಿದ್ರಾಮಪ್ಪ ಸಾಹೇಬ್ರು ಫೋನ್ ಮಾಡಿದ್ರು."

"ಏನಂದ್ರು?"

"ಮಿಷನ್ನಿಗೆ ಏನ ಮಾಡೀರಿ ಅಂದ್ರು. ನಾ ಏನೂ ಮಾಡಿಲ್ಲರಿ ಅಂದ್ನಿ. ಏನೂ ಮಾಡದನ ನಿಮ್ಮದೊಂದಽ ಹೆಂಗ ಕೆಂಪಾತು ಅಂದ್ರು." ಅವಳ ದನಿ ಸಣ್ಣದಾಗಿತ್ತು, ಮಗ್ಗದ ಸದ್ದಿನಲ್ಲಿ ಅವನು ಬಗ್ಗಿ ಕೇಳಬೇಕಾಯಿತು. ಅವನು ಬಗ್ಗಿದ ಕೂಡಲೇ ಅವಳು ಹಿಂದೆ ಸರಿದಳು. "ನೀವಽ ಹೇಳ್ರಿ, ನಾ ಏನ ಮಾಡೇನಿ?"

"ನೋಡ್ತೇನ್ರಿ."

ಅವಳ ಕುರ್ಚಿಯಲ್ಲಿ ಕೂತ. ಕುರ್ಚಿ ಬೆಚ್ಚಗಿತ್ತು. ತನ್ನ ಲ್ಯಾಪ್‌ಟಾಪನ್ನು ತೆಗೆದು ಜಮಖಂಡಿಯ ಸರ್ವರನ್ನು ಸೇರಿದ. ಕೌಂಟರಿನ ಆ ಕಡೆ ಅವಳು ಕೈಕಟ್ಟಿ ನಿಂತಳು. ಈ ಮೊದಲು ಎಂದೂ ಆ ಕಡೆ ನಿಂತವಳಲ್ಲ.

"ಚಾ?" ಎಂದ, ನಗಲು ನೋಡುತ್ತ.

"ಇವತ್ತ ಬ್ಯಾಡ್ರಿ." ಬೆಂಚಿನ ಕಡೆ ಒಮ್ಮೆ ನೋಡಿ ಕೇಳಿದಳು, "ಇನ್ನ ಮ್ಯಾಲ ನೀವು ಬರೂದ ಇರೂದಿಲ್ಲಂತ, ಖರೇನ ಏನ್ರಿ?"

"ಹಂಗ ಅಂತಾರ."

"ಛಲೋ ಆತ್ರಿ."

ಅವನ ಬೆರಳು ಕೀಲಿಗಳ ಮೇಲೆ ನಿಂತಿತು. "ಯಾಕ್ರಿ?"

"ನೀವು ಬಂದ ಹೋದ ಮ್ಯಾಲ ಇಲ್ಲಿ ಮಂದಿ ಎಷ್ಟ ಮಾತಾಡ್ತಾರ, ನಿಮಗ ಗೊತ್ತಿಲ್ಲೇನ್ರಿ? ಕೆಳಗ ಮಗ್ಗದಾಗಿನ ಯಲ್ಲಕ್ಕ ಮನ್ನೆ ನಮ್ಮ ಅತ್ತೀಗೂ ಹೇಳ್ಯಾಳ. ಕಂಪ್ಯೂಟರ್‌ನವಾ ಇಷ್ಟ ಹೊತ್ತ ಏನ ಮಾಡ್ತಾನಂತ."

"ನಾ ಏನೂ…"

"ನೀವೇನೂ ಮಾಡಿಲ್ಲರಿ. ನಾನೂ ಅದನ್ನಽ ಅಂದ್ನಿ. ಯಾರ ಕೇಳ್ತಾರ?"

ವೀರೇಶ ಪರದೆಗೆ ಕಣ್ಣು ನೆಟ್ಟ. ಇಷ್ಟು ತಿಂಗಳು ತಾನು ಅವಳ ಕುರ್ಚಿಯಲ್ಲಿ ಕೂತು ಸವಿದದ್ದು ಅವಳು ಕಾಲ ಮೇಲೆ ನಿಂತು ಸಹಿಸಿದ್ದಾಗಿತ್ತು. ನಾಚಿಕೆಯಾಗಬೇಕಿತ್ತು. ಅದಕ್ಕೂ ಮೊದಲು ಬಂದದ್ದು ಸಿಟ್ಟು: ಇವಳು ಇದನ್ನು ಇವತ್ತೇ ಹೇಳಬೇಕಿತ್ತೇ?

ಬನಹಟ್ಟಿಯ ಹೆಸರನ್ನು ಗುಂಪಿಗೆ ಸೇರಿಸಿದ. ಎಂಟರ್ ಒತ್ತಿದ. ಕೌಂಟರಿನ ಮೇಲಿನ ಕಂಪ್ಯೂಟರ್ ತನ್ನಷ್ಟಕ್ಕೆ ಓಡತೊಡಗಿತು. ಬಿಳಿ ಅಕ್ಷರದ ಸಾಲುಗಳು ಮೇಲೆ ಮೇಲೆ ಸರಿದುಹೋದವು. ಮಾಲಾ ಬಗ್ಗಿ ನೋಡಿದಳು.

"ಇಷ್ಟಽ ಏನ್ರಿ?"

"ಇಷ್ಟಽ."

"ಇದಕ್ಕ ನೀವು ಕೈ ಹಚ್ಚಲೇ ಇಲ್ಲ."

ಅವನು ಲ್ಯಾಪ್‌ಟಾಪನ್ನು ಮುಚ್ಚಿದ.

"ಜಮಖಂಡಿಯಾಗ ಕುಂತಽ ಮಾಡಾಕ ಆಗ್ತಿದ್ದಿಲ್ಲೇನ್ರಿ ಇದು?"

ಕೆಳಗಿನ ಮಗ್ಗಗಳು ಖಟಖಟ ಅನ್ನುತ್ತಲೇ ಇದ್ದವು. ಇಲ್ಲ ಎಂದರೆ ಅವಳು ನಂಬುತ್ತಿದ್ದಳು.

"ಆಗ್ತಿತ್ತು," ಎಂದ.

ಅವಳು ಅವನನ್ನು ನೋಡಿದಳು. ಇಷ್ಟು ದಿನದಲ್ಲಿ ಅವಳು ಅವನನ್ನು ಹೀಗೆ ನೆಟ್ಟಗೆ ನೋಡಿದ್ದು ಇದೇ ಮೊದಲು. ಇದಕ್ಕಾಗಿಯೇ ತಾನು ಬಸ್ಸು ಹತ್ತಿ ಬರುತ್ತಿದ್ದನೆಂದು ಅವನಿಗೆ ಆ ಕ್ಷಣಕ್ಕೆ ಹೊಳೆಯಿತು. ಹೊಳೆದದ್ದೇ ತಲೆ ತಗ್ಗಿಸಿದ.

"ಮತ್ತ?" ಎಂದಳು.

ಅವನ ಫೋನು ಬಡಿದುಕೊಂಡಿತು. ಶಿದ್ರಾಮಪ್ಪ.

"ಏನಾಗಿತ್ರಿ ಅಲ್ಲೆ?"

ಮಾಲಾ ಇನ್ನೂ ನೋಡುತ್ತಿದ್ದಳು. ಹೇಳಬೇಕಾದ ನಿಜ ಒಂದೇ ಇತ್ತು, ಅದೂ ಚಿಕ್ಕದು.

"ಕೇಬಲ್ ಸಡ್ಲಾಗಿತ್ರಿ," ಎಂದ.

"ಯಾರ ಸಡ್ಲ ಮಾಡಿದ್ರು?"

"ಗೊತ್ತಿಲ್ಲರಿ."

"ನಾ ಅಂದಿರಲಿಲ್ಲೇನು? ಆಕೀ ಕೈಯಾಗ ಫೋನ್ ಕೊಡ್ರಿ."

ಅವನು ಫೋನು ಹಿಡಿದ ಕೈ ಚಾಚಿದ. ಕೈ ಯಾಕೆ ಚಾಚಿತೋ ಅವನಿಗೇ ತಿಳಿಯಲಿಲ್ಲ. ಮಾಲಾ ಫೋನು ತೆಗೆದುಕೊಂಡು ಕಿವಿಗೆ ಹಿಡಿದಳು. "ಹೂನ್ರಿ," ಎಂದಳು. "ಹೂನ್ರಿ. ಇಲ್ಲರಿ." ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡಳು. ಕಣ್ಣು ಮಾತ್ರ ವೀರೇಶನ ಮೇಲೆಯೇ ಇತ್ತು. ಒಂದು ಮಾತಿನಲ್ಲಿ ಅವಳು ಅವನನ್ನು ಹಿಡಿದುಕೊಡಬಹುದಿತ್ತು. "ಆತ್ರಿ ಸಾಹೇಬ್ರ," ಎಂದು ಫೋನನ್ನು ಕೌಂಟರಿನ ಮೇಲೆ ಇಟ್ಟಳು, ಅವನ ಕೈಗೆ ಕೊಡಲಿಲ್ಲ.

"ಏನಂದ್ರು?"

"ಏನಂದ್ರ ನಿಮಗೇನ್ರಿ."

"ಮಾಲಾ ಅವರ, ನಾ ಸಾಹೇಬ್ರಿಗೆ ಆಮ್ಯಾಲೆ…"

"ಯಾವ ಆಮ್ಯಾಲೆರಿ?"

ಕಂಪ್ಯೂಟರ್ ಆರಿತು. ಪ್ಯಾಚ್ ಮುಗಿದು ಅದು ಮತ್ತೆ ಏಳಬೇಕಿತ್ತು. ಪರದೆ ಕಪ್ಪಗೆ ಉಳಿಯಿತು. ಸರದಿ ಪ್ರಕಾರ ಹೆಸರು ತೋರಿಸುತ್ತಿದ್ದದ್ದು ಅದೇ ಯಂತ್ರ. ಮಾಲಾ ಅದನ್ನು ನೋಡಿದಳು, ಕೊರಳಿನ ಗುರುತಿನ ಚೀಟಿಯನ್ನು ಸರಿಮಾಡಿಕೊಂಡಳು, ಡಾಕ್ಟರರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ವೀರೇಶ ಎದ್ದು ಕೌಂಟರಿನಿಂದ ಈಚೆ ಬಂದ. ಆ ಬಾಗಿಲು ತಟ್ಟಬೇಕು, ಡಾಕ್ಟರರ ಮುಂದೆಯೇ ಹೇಳಿಬಿಡಬೇಕು. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿದ. ಅದು ನಾನು ಎಂಬ ಶಬ್ದದಿಂದ ಶುರುವಾಗುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ. ಬೆಂಚಿನ ಮುಂದೆ ಹಾಯುವಾಗ ತುದಿಗೆ ಕೂತ ಮುದುಕಿಯೊಬ್ಬಳು ಹೆಜ್ಜೆ ಸಪ್ಪಳಕ್ಕೆ ಮುಖ ಎತ್ತಿದಳು. ರೆಪ್ಪೆಯ ಕೆಳಗಿಂದ ಹನಿಯ ನೀರು ಗಲ್ಲಕ್ಕೆ ಇಳಿದಿತ್ತು.

"ಯಪ್ಪಾ, ಯಂಕವ್ವ ಅಂತ ಕರದ್ರೇನೋ?"

ಯಾರೂ ಕರೆದಿರಲಿಲ್ಲ. ಅದನ್ನು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳ ಕೈ ಗಾಳಿಯಲ್ಲಿ ತಡಕಾಡಿ ಅವನ ಮಣಿಕಟ್ಟು ಹಿಡಿಯಿತು. ಹಿಡಿತ ಗಟ್ಟಿಯಿತ್ತು. ಅದರ ಆಸರೆಯಲ್ಲೇ ಅವಳು ಎದ್ದು ನಿಂತಳು.

"ನಡಿಯಪ್ಪಾ," ಎಂದಳು.

ಬೆಂಚು ಕಿರುಗುಟ್ಟಿದ್ದು ಕೇಳಿ ಅವಳ ಪಕ್ಕದ ಗಂಡಸು ಎದ್ದ. ಕೈಯಿಂದ ಅವಳ ಹೆಗಲು ಹುಡುಕಿಕೊಂಡ. ಅವನ ಹಿಂದಿನವಳು ಅವನ ಅಂಗಿ ಹಿಡಿದಳು. ಒಬ್ಬರ ಹಿಂದೊಬ್ಬರು ಎದ್ದು, ಮುಂದಿನವರ ಹೆಗಲಿಗೋ ಸೆರಗಿಗೋ ಕೈ ಹಾಕಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಸಾಲಾಗಿ ನಿಂತರು. ಯಾರೂ ಏನೂ ಕೇಳಲಿಲ್ಲ. ಮುಂದೆ ಯಾರೋ ಇದ್ದಾರೆಂದು ಎಲ್ಲರಿಗೂ ಗೊತ್ತಿತ್ತು.

ಅವನ ಮುಂದೆ ಒಂದು ಬಾಗಿಲಿತ್ತು. ಅದರೊಳಗಿನಿಂದ ಮಾಲಾಳ ದನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಬಲಕ್ಕೆ ಮೆಟ್ಟಿಲು, ಕೆಳಗಿನಿಂದ ಮಗ್ಗದ ಸದ್ದು ಏರಿ ಬರುತ್ತಿತ್ತು.

ಮುದುಕಿ ಅವನ ಕೈಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದಳು.

ವೀರೇಶ ಒಂದು ಹೆಜ್ಜೆ ಇಟ್ಟ. ಹಿಂದೆ ಅಷ್ಟೂ ಕಾಲುಗಳು ನೆಲವನ್ನು ಸವರುತ್ತ ಒಂದು ಹೆಜ್ಜೆ ಮುಂದೆ ಬಂದವು.