ಓದುದನಿಯ ಮುಖಪುಟ

ಸರಳಾ ಎಂಬ ಶಾಲಾ ಶಿಕ್ಷಕಿಯೊಬ್ಬರಿಂದ ಬಂದ ಮೇಲ್‌ನಲ್ಲಿ ಇದ್ದದ್ದು ಒಂದೇ ಸಾಲು: "ನಿಮ್ಮ ಓದುದನಿ ನಿಂತುಹೋಯಿತೇ?"

ಭಾಗ್ಯಶ್ರೀಗೆ ಕಸಿವಿಸಿಯಾಯಿತು. ಓದುದನಿ ಎಂದರೆ ಕಂಪ್ಯೂಟರಿನ ಪರದೆಯ ಮೇಲಿರುವ ಕನ್ನಡವನ್ನು ಕಣ್ಣು ಕಾಣದವರಿಗೆ ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್. ಅಮೃತಹಳ್ಳಿಯ ಮನೋಹರ್ ಅದನ್ನು ಶುರುಮಾಡಿ, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಬಿಟ್ಟುಕೊಟ್ಟಿದ್ದರು. ಬಾಗಲಕೋಟೆಯಿಂದ ಬಂದು ಯಲಹಂಕದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ಭಾಗ್ಯಶ್ರೀಯಂಥವರು ಬಿಡುವಿನಲ್ಲಿ ಅದಕ್ಕಾಗಿ ದುಡಿಯುತ್ತಿದ್ದರು. ನಿಂತುಹೋಗುವ ಮಾತಿರಲಿ, ಮೊನ್ನೆಯಷ್ಟೇ ಹೊಸ ಆವೃತ್ತಿ ಸಿದ್ಧವಾಗಿತ್ತು.

ಆದರೆ ವೆಬ್‌ಸೈಟ್ ತೆರೆದು ನೋಡಿದಾಗ ಸರಳಾ ಕೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಡೌನ್‌ಲೋಡ್ ಕೊಂಡಿ ಒತ್ತಿದರೆ ಹಳೆಯ ಆವೃತ್ತಿ ಬರುತ್ತಿತ್ತು. ಕೊರೊನಾ ಕಾಲದ ಕಾರ್ಯಾಗಾರಕ್ಕೆ ಮುಖಪುಟ ಇನ್ನೂ ಜನರನ್ನು ಕರೆಯುತ್ತಲೇ ಇತ್ತು.

ಭಾನುವಾರ ಅವಳು ಮನೋಹರ್ ಮನೆಗೆ ಹೋದಳು.

"ಸರ್, ಒಳಗ ಇಷ್ಟೆಲ್ಲಾ ಕೆಲಸ ನಡದೈತಿ. ಹೊರಗಿನಿಂದ ನೋಡಿದವ್ರಿಗೆ ಬಾಗಲಾ ಹಾಕ್ಕೊಂಡು ಹೋದಂಗ ಕಾಣತೈತಿ ನೋಡ್ರಿ."

"ಏನ್ ಮಾಡ್ಲಮ್ಮ? ಕೋಡ್ ಬರಿಯೋಕೆ ಎಲ್ರೂ ರೆಡಿ. ವೆಬ್‌ಸೈಟ್ ಅಂದ್ರೆ ಯಾರೂ ತಿರುಗಿ ನೋಡಲ್ಲ."

"ನಾ ನೋಡ್ತೀನಿ ಬಿಡ್ರಿ."

ಮನೋಹರ್ ಅಲ್ಲೇ ಪಾಸ್‌ವರ್ಡ್ ಕೊಟ್ಟುಬಿಟ್ಟರು. ತಲೆಯ ಮೇಲಿನ ಭಾರ ಇಳಿದವರ ಹಾಗಿತ್ತು ಅವರ ಮುಖ.

ದೀಪಾವಳಿ ರಜೆಗೆ ಭಾಗ್ಯಶ್ರೀ ಊರಿಗೂ ಹೋಗಲಿಲ್ಲ. ಕೂತು ಇಡೀ ಸೈಟನ್ನು ಹೊಸದಾಗಿ ಕಟ್ಟಿದಳು. ಜಾರುವ ಚಿತ್ರಗಳು, ಬಣ್ಣದ ಬಟನ್‌ಗಳು, ಚಿತ್ರದೊಳಗೇ ಚೆಂದದ ಅಕ್ಷರ. ಓದುದನಿ ಬಳಗದ ವಾಟ್ಸಾಪ್ ಗುಂಪಿನಲ್ಲಿ ಹೊಗಳಿಕೆಯೋ ಹೊಗಳಿಕೆ. ಅವಳೂ ಹಿಗ್ಗಿದಳು.

ಮರುದಿನ ವಾಜಿದ್ ಫೋನ್ ಮಾಡಿದ. ಆರ್.ಟಿ. ನಗರದವನು, ಇತಿಹಾಸದ ಮೇಷ್ಟ್ರು, ಹುಟ್ಟಿನಿಂದ ಕಣ್ಣಿಲ್ಲ. ಓದುದನಿಯ ಉಚ್ಚಾರ ಸರಿಯಿದೆಯೇ ಎಂದು ಪರೀಕ್ಷಿಸುವ ಕೆಲಸ ಅವನದು.

"ಮೇಡಂ, ಹೊಸ ಸೈಟ್ ಓಪನ್ ಮಾಡ್ದೆ. ಓದುದನಿ ಏನಂತು ಗೊತ್ತಾ? 'ಚಿತ್ರ, ಚಿತ್ರ, ಬಟನ್, ಬಟನ್, ಚಿತ್ರ.' ಅಷ್ಟೇ. ಡೌನ್‌ಲೋಡ್ ಎಲ್ಲಿದೆ ಅಂತಾನೇ ಸಿಗ್ಲಿಲ್ಲ."

ಭಾಗ್ಯಶ್ರೀಯ ಮುಖ ಬಿಸಿಯಾಯಿತು. ಚಿತ್ರದೊಳಗಿನ ಅಕ್ಷರವನ್ನು ಓದುದನಿ ಓದಲಾರದು, ಹೆಸರಿಡದ ಬಟನ್ ಅದಕ್ಕೆ ಬರೀ ಬಟನ್. ಇದೆಲ್ಲ ಗೊತ್ತಿದ್ದವಳೇ. ಚೆಂದ ಕಾಣಬೇಕೆಂಬ ಆತುರದಲ್ಲಿ, ಯಾರಿಗಾಗಿ ಕಟ್ಟುತ್ತಿದ್ದೇನೆ ಎಂಬುದೇ ಮರೆತುಹೋಗಿತ್ತು.

"ಹಳೇದ ಛಲೋ ಇತ್ತೇನ್ರಿ?" ಸಣ್ಣ ದನಿಯಲ್ಲಿ ಕೇಳಿದಳು.

"ಹಳೇದು ಹಳಸಿತ್ತು. ಆದ್ರೆ ಓದುದನಿ ಅದನ್ನ ಓದ್ತಿತ್ತು."

ಇದು ತನ್ನಿಂದಾಗದು, ಪಾಸ್‌ವರ್ಡ್ ವಾಪಸ್ ಕೊಟ್ಟುಬಿಡೋಣ ಅನ್ನಿಸಿತು. ಆದರೆ ಬಾಯಿಂದ ಬಂದದ್ದು ಬೇರೆಯೇ ಮಾತು.

"ವಾಜಿದ್ ಸರ್, ನೀವೂ ಬರ್ರಿ. ಕೂಡೇ ಮಾಡೂಣು."

"ಬರ್ತೀನಿ. ಆದ್ರೆ ಒಂದ್ ಕಂಡೀಷನ್. ನೀವು ಸ್ಕ್ರೀನ್ ಆಫ್ ಮಾಡ್ಕೊಂಡು ಕೂತ್ಕೋಬೇಕು."

ಮುಂದಿನ ಭಾನುವಾರ ಮನೋಹರ್ ಮನೆಯ ಹಜಾರದಲ್ಲಿ ಮೂವರೂ ಕೂತರು. ಕಪ್ಪು ಪರದೆಯ ಮುಂದೆ ಭಾಗ್ಯಶ್ರೀ ಕಿವಿಗೊಟ್ಟು ಕೇಳಿದಳು. ತಾನೇ ಕಟ್ಟಿದ ಪುಟದಲ್ಲಿ ತನಗೇ ದಾರಿ ತಪ್ಪಿತು. ಸಾಕೆಂದು ನಕ್ಕು, ಜಾರುವ ಚಿತ್ರಗಳನ್ನೆಲ್ಲ ತೆಗೆದುಹಾಕಿದಳು. ಡೌನ್‌ಲೋಡ್ ಎಲ್ಲಕ್ಕಿಂತ ಮೇಲೆ ಬಂತು. ಅವಳು ಬರೆದ ಓದುದನಿಯ ಪರಿಚಯ ಕೇಳಿ ವಾಜಿದ್ ಆಕಳಿಸಿದ. "ಇಷ್ಟುದ್ದ ಕೊರೆದ್ರೆ ಜನ ನಿದ್ದೆ ಹೋಗ್ತಾರೆ ಮೇಡಂ." ಅದೂ ಅರ್ಧಕ್ಕೆ ಇಳಿಯಿತು.

ಕೊನೆಗೆ ಮನೋಹರ್ ಹೇಳಿದರು: "ಇನ್ಮೇಲೆ ವೆಬ್‌ಸೈಟ್ ಅಪ್‌ಡೇಟ್ ಆಗ್ದೆ ಹೊಸ ಆವೃತ್ತಿ ಬಿಡೋದು ಬೇಡ. ತಿಂಗ್ಳಿಗೊಂದ್ಸಲ ಎಲ್ಲಾ ಕೊಂಡಿಗಳ್ನೂ ಒತ್ತಿ ನೋಡೋಣ. ನಾನೂ ಕೂರ್ತೀನಿ."

ಪ್ರತಿ ಪುಟದ ಕೆಳಗೂ 'ತಪ್ಪು ಕಂಡರೆ ತಿಳಿಸಿ' ಎಂದು ಹಾಕಿಸಿದವನು ವಾಜಿದ್. ಯಾರು ತಲೆಕೆಡಿಸಿಕೊಳ್ಳುತ್ತಾರೆ ಎಂದುಕೊಂಡೇ ಭಾಗ್ಯಶ್ರೀ ಹಾಕಿದ್ದಳು.

ಹೊಸ ವರ್ಷ ಕಳೆದ ಮೇಲೆ, ಕಾಲೇಜಿನ ಸ್ಟಾಫ್‌ರೂಮಿನಲ್ಲಿದ್ದಾಗ ಒಂದು ಸಂದೇಶ ಬಂತು. ಕಳಿಸಿದವರು ಅಬ್ಬಿಗೆರೆಯ ಚನ್ನಕ್ಕ, ನಿವೃತ್ತ ಟೆಲಿಫೋನ್ ಆಪರೇಟರ್. 'ಸಹಾಯದ ಪುಟದಲ್ಲಿ ನೀಲಿ ಬಟನ್ ಒತ್ತಿ ಅಂತ ಬರೆದಿದ್ದೀರಿ. ನನಗೆ ನೀಲಿ ಹೇಗಿರುತ್ತದೆ ಗೊತ್ತಿಲ್ಲ. ಬಟನ್ನಿನ ಹೆಸರು ಹೇಳಿ.'

ಭಾಗ್ಯಶ್ರೀ ಅಲ್ಲೇ ಕೂತು ಸಾಲನ್ನು ತಿದ್ದಿದಳು. ಆಮೇಲೆ ಸಂದೇಶದ ಕೊನೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದಳು.

"ಸರಿ ಮಾಡೀನ್ರಿ ಅಕ್ಕಾರ. ಭಾಳ ಉಪಕಾರ ಆತು."

"ಉಪಕಾರ ಎಂಥದ್ದು ತಾಯಿ. ಮನೇಲಿ ಸುಮ್ನೆ ಇದೀನಿ. ಬೇರೆ ಪುಟಗಳ್ನೂ ಕೇಳಿ ನೋಡ್ಲಾ?"

"ಕೇಳ್ರಿ. ನಮಗ ತಿಳಿಸೂದೂ ಬ್ಯಾಡ, ನೀವ ತಿದ್ದೂಹಂಗ ಮಾಡಿಕೊಡ್ತೀನಿ. ಹೆಂಗಂತ ಈಗ ಹೇಳ್ಲೇನ್ರಿ?"

"ಹೇಳು, ಹೇಳು. ಕಂಪ್ಯೂಟರ್ ಮುಂದೇನೇ ಕೂತಿದೀನಿ," ಎಂದರು ಚನ್ನಕ್ಕ.